‘ಖರೇನ’, ‘ಅವ್ವನಾಣಿ’, ‘ನೋ ಕ್ಯಾಪ್’: ನಮ್ಮ ಹುಡುಗರು ಇಷ್ಟೊಂದು ಆಣೆ ಯಾಕೆ ಮಾಡುತ್ತಾರೆ?

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಸುತ್ತಮುತ್ತ, ಧಾರವಾಡ ಸಪ್ತಾಪುರದ ಚಹಾದಂಗಡಿಗಳ ಮುಂದೆ, ಗದಗ ಬಸ್ ಸ್ಟ್ಯಾಂಡಿನಲ್ಲಿ, ಹಾವೇರಿಯ ಕಾಲೇಜು ಗೇಟಿನ ಹತ್ತಿರ ಹುಡುಗ ಹುಡುಗಿಯರ ಮಾತಿಗೆ ಸ್ವಲ್ಪ ಹೊತ್ತು ಕಿವಿ ಕೊಡಿ. ‘ಖರೇನ’, ‘ಖರೇ ಹೇಳ್ತೀನಿ’, ‘ಅವ್ವನಾಣಿ’, ‘ಗಾಡ್ ಪ್ರಾಮಿಸ್’, ‘ಮಾ ಕಸಮ್’, ‘ಸೀರಿಯಸ್ಲಿ’, ಈಚೆಗೆ ‘ನೋ ಕ್ಯಾಪ್’. ಎಲ್ಲದರ ಅರ್ಥ ಒಂದೇ, ‘ನಾನು ಹೇಳುತ್ತಿರುವುದು ನಿಜ’ ಅಂತ. ನಾಲ್ಕು ಮಾತಾಡಿದರೆ ಅದರಲ್ಲಿ ಒಂದಾದರೂ ಇಂಥದ್ದು ಇದ್ದೇ ಇರುತ್ತದೆ.

ಮನೆಯ ಹಿರಿಯರಿಗೆ ಇದು ಹಿಡಿಸುವುದಿಲ್ಲ. ‘ಇಷ್ಟು ಆಣಿ ಮಾಡ್ತಾವಂದ್ರ ಎಷ್ಟು ಸುಳ್ಳ ಹೇಳ್ತಿರಬೇಕು ಇವು’ ಅನ್ನುತ್ತಾರೆ. ಕೆಲವು ಮೇಷ್ಟ್ರುಗಳೂ ಹಾಗೇ ಅಂದುಕೊಂಡಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಈ ಮಾತುಗಳು ಜಾಸ್ತಿಯಾಗಿರುವುದು ಸುಳ್ಳು ಜಾಸ್ತಿಯಾಗಿದ್ದಕ್ಕಲ್ಲ, ಚ್ಯಾಷ್ಟಿ, ಅಂದರೆ ತಮಾಷೆ, ಜಾಸ್ತಿ ಇರುವುದಕ್ಕೆ. ಚ್ಯಾಷ್ಟಿಯಿಂದ ಹೊರಗೆ ಬಂದು ‘ಈಗ ಮನಸ್ಸಿನಿಂದ ಮಾತಾಡ್ತಾ ಇದ್ದೀನಿ, ಕೇಳು’ ಅಂತ ಹೇಳಲು ಹುಡುಗರಿಗೆ ಒಂದು ದಾರಿ ಬೇಕು. ಆ ದಾರಿಯೇ ಈ ಮಾತುಗಳು.

ಮಾತಿನಲ್ಲಿ ನಾವು ಯಾರೂ ಹೇಳಿಕೊಡದೆ ಪಾಲಿಸುವ ಒಂದು ನಿಯಮ ಇದೆ. ಎದುರಿಗಿದ್ದವರು ನಿಜವನ್ನೇ ಹೇಳುತ್ತಿದ್ದಾರೆ ಅಂತ ಮೊದಲೇ ಒಪ್ಪಿಕೊಂಡಿರುತ್ತೇವೆ. ಕಂಡಕ್ಟರ್ ‘ನವಲಗುಂದ, ನವಲಗುಂದ’ ಅಂತ ಕೂಗಿದರೆ ‘ಖರೇನಾ?’ ಅಂತ ಯಾರೂ ಕೇಳುವುದಿಲ್ಲ, ಹತ್ತಿ ಕೂತುಬಿಡುತ್ತೇವೆ. ಪಾಲ್ ಗ್ರೈಸ್ ಎಂಬ ಬ್ರಿಟಿಷ್ ತತ್ವಜ್ಞಾನಿ 1967ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಡುತ್ತಾ ಇದನ್ನು ಬಿಡಿಸಿ ಹೇಳಿದರು. ಮಾತುಕತೆ ನಡೆಯುವುದೇ ಕೆಲವು ಒಪ್ಪಂದಗಳ ಮೇಲೆ, ಸುಳ್ಳು ಅಂತ ಗೊತ್ತಿರುವುದನ್ನು ಹೇಳಬಾರದು ಎಂಬುದು ಅದರಲ್ಲೊಂದು ಅನ್ನುವುದು ಅವರ ವಾದ.

ಹಾಗಿದ್ದ ಮೇಲೆ ‘ಇದು ನಿಜ’ ಅಂತ ಬೇರೆ ಹೇಳಬೇಕಾಗುವುದು ಯಾವಾಗ? ಅನುಮಾನಕ್ಕೆ ಜಾಗ ಇದ್ದಾಗ ಮಾತ್ರ. ಆ ಜಾಗ ಎರಡು ಕಡೆಯಿಂದ ಬರುತ್ತದೆ. ಹೇಳುವ ಸುದ್ದಿಯೇ ನಂಬಲು ಕಷ್ಟವಾಗಿರಬಹುದು. ಇಲ್ಲವೇ ಅಲ್ಲಿಯವರೆಗೆ ನಡೆದ ಮಾತೆಲ್ಲ ತಮಾಷೆಯಾಗಿದ್ದು, ಈಗಿನದೂ ತಮಾಷೆಯೋ ಏನೋ ಅಂತ ಕೇಳುವವನಿಗೆ ಗೊತ್ತಾಗದೆ ಇರಬಹುದು. ನಮ್ಮ ಹುಡುಗರ ವಿಷಯದಲ್ಲಿ ಮುಕ್ಕಾಲು ಪಾಲು ಎರಡನೆಯದೇ.

ಈ ಕಡೆಯ ದೋಸ್ತಿ ಅಂದರೆ ಕಾಲೆಳೆಯುವುದು ಅಂತಲೇ ಅರ್ಥ. ಭೇಟಿಯಾದ ಕೂಡಲೇ ‘ಏನಲೇ, ಇನ್ನೂ ಬದುಕೀದಿ?’ ಅಂತ ಶುರು. ಹೊಗಳಿದರೂ ಬೈದಂತೆ ಹೊಗಳಬೇಕು. ಪ್ರೀತಿ ಜಾಸ್ತಿಯಾದಷ್ಟೂ ಬೈಗುಳ ಗಟ್ಟಿ. ಇಂಥ ಮಾತಿನ ನಡುವೆ ಒಬ್ಬ ಸುಮ್ನೆ ‘ನಿನ್ನ ಹಾಡು ಛಲೋ ಇತ್ತು’ ಅಂದರೆ ಇನ್ನೊಬ್ಬ ನಂಬುವುದೇ ಇಲ್ಲ. ‘ಯಾಕಲೇ, ನನ್ನ ಮಸ್ಕಿರಿ ಮಾಡ್ತಿಯೇನ?’ ಅನ್ನುತ್ತಾನೆ. ಆಗ ‘ಇಲ್ಲೋ, ಖರೇನ ಛಲೋ ಇತ್ತು’ ಅಂತ ಹೇಳಲೇಬೇಕಾಗುತ್ತದೆ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವ ಚಿಗರಿ ಬಸ್ಸಿನಲ್ಲಿ ದಿನಾ ಕೇಳಿಬರುವಂಥ ಒಂದು ಮಾತುಕತೆ ನೋಡಿ.

‘ಲೇ, ನಾಳೆ ಇಂಟರ್ನಲ್ಸ್ ಮುಂದಕ್ಕ ಹೋಗ್ಯಾವ.’

‘ಹೋಗಲೇ, ಬಂಡಲ್ ಬಿಡಬ್ಯಾಡ.’

‘ಖರೇನಲೇ.’

‘ಮೊನ್ನೆನೂ ಹಿಂಗ ಅಂದಿದ್ದಿ.’

‘ಮೊನ್ನೆದು ಚ್ಯಾಷ್ಟಿ. ಇದು ಖರೇ. ಅವ್ವನಾಣಿ.’

‘ಹಂಗಾರ ನಡಿ, ಉಣಕಲ್ ಕೆರಿ ಕಡೆ ಹೋಗೂಣು.’

ಇಲ್ಲಿ ಎಷ್ಟು ಕೆಲಸ ನಡೆದಿದೆ ಗಮನಿಸಿ. ಮೊದಲ ‘ಖರೇನಲೇ’ ಸಾಲಲಿಲ್ಲ. ಅದರಲ್ಲಿ ‘ಲೇ’ ಇನ್ನೂ ಉಳಿದಿತ್ತು, ಅಂದರೆ ಚ್ಯಾಷ್ಟಿಯ ದನಿ ಇನ್ನೂ ಬಿಟ್ಟಿರಲಿಲ್ಲ. ಎರಡನೇ ಸಲ ಹುಡುಗ ‘ಲೇ’ ಬಿಟ್ಟ. ಮೊನ್ನೆಯದು ತಮಾಷೆ ಅಂತ ಒಪ್ಪಿಕೊಂಡ. ಅವ್ವನ ಹೆಸರು ತಂದ. ಆಮೇಲೆ ಗೆಳೆಯ ಒಂದು ಮಾತೂ ಎದುರಾಡಲಿಲ್ಲ. ನೋಟಿಸ್ ಬೋರ್ಡಿನ ಫೋಟೋ ತೋರಿಸು ಅನ್ನಲಿಲ್ಲ. ನೇರವಾಗಿ ಕೆರೆಯ ಕಡೆ ಹೊರಟ. ಈ ಇಬ್ಬರ ನಡುವೆ ‘ಅವ್ವನಾಣಿ’ಗೆ ಇನ್ನೂ ಬೆಲೆ ಇದೆ ಅಂತ ಗೊತ್ತಾಗುವುದು ಅಲ್ಲೇ.

‘ಖರೇ’ ಬಂದ ದಾರಿ

ಬೆಂಗಳೂರು, ಮೈಸೂರಿನ ಹುಡುಗರು ‘ನಿಜವಾಗ್ಲೂ’ ಅನ್ನುವ ಕಡೆ ಇಲ್ಲಿಯವರು ‘ಖರೇನ’ ಅನ್ನುತ್ತಾರೆ. ‘ಖರೆ’ ಮರಾಠಿಯ ಬಳಗದ ಮಾತು. ಪೇಶ್ವೆಗಳ ಕಾಲದಲ್ಲಿ ಈ ಭಾಗದಲ್ಲಿ ಮರಾಠಿಯೇ ಆಡಳಿತದ ಭಾಷೆ. ಆಮೇಲೆ ಬ್ರಿಟಿಷರು ಬಂದರು, ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡಣೆಯಾಗುವವರೆಗೂ ಅಲ್ಲೇ ಇತ್ತು. ಈಗಿನ ಗದಗ, ಹಾವೇರಿ ಜಿಲ್ಲೆಗಳ ಬಹುಪಾಲು ಆಗ ಧಾರವಾಡದೊಳಗೇ ಇದ್ದವು. ಅವು ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಕಚೇರಿ, ಪೇಟೆ, ನೆಂಟಸ್ತನ, ನಾಟಕ ಎಲ್ಲದರಲ್ಲೂ ಎರಡು ಭಾಷೆ ಒಟ್ಟಿಗೇ ಓಡಾಡುತ್ತಿದ್ದವು. ಕನ್ನಡದಲ್ಲಿ ಬರೆದು ಧಾರವಾಡದ ದನಿಯಾದ ದ.ರಾ. ಬೇಂದ್ರೆಯವರ ಮನೆಮಾತೇ ಮರಾಠಿ.

ಆದರೆ ಪದ ಆಚೆಯಿಂದ ಬಂದರೂ ಅದರ ಬಾಲ ನಮ್ಮದು. ಮರಾಠಿಯವರು ಒತ್ತಿ ಹೇಳಬೇಕಾದಾಗ ‘ಖರಂಚ’ ಅನ್ನುತ್ತಾರೆ, ಅಲ್ಲಿ ‘ಚ’ ಒತ್ತು ಕೊಡುತ್ತದೆ. ನಾವು ಆ ‘ಚ’ ಬಿಟ್ಟು ಧಾರವಾಡ ಕನ್ನಡದ ‘ನ’ ಹಚ್ಚಿಕೊಂಡೆವು. ಪುಸ್ತಕದ ಕನ್ನಡದಲ್ಲಿ ‘ಅವನೇ’, ‘ಇಲ್ಲೇ’ ಅನ್ನುವಾಗ ಬರುವ ‘ಏ’ಯ ಕೆಲಸವನ್ನು ಇಲ್ಲಿ ಮಾತಿನ ಕೊನೆಯ ‘ಅ’ ಎಳೆದು ಮಾಡುತ್ತಾರೆ. ಹಳೆಯ ಲೇಖಕರು ಅದನ್ನು ತೋರಿಸಲು ‘ಖರೇನಽ’ ಅಂತ ಅವಗ್ರಹ ಹಾಕಿ ಬರೆಯುತ್ತಿದ್ದರು.

ಈ ಬಾಲದಲ್ಲೇ ಎಲ್ಲ ಇದೆ. ‘ಖರೇನ’ ಅಂದರೆ ಒತ್ತಿ ಹೇಳುವುದು. ‘ಖರೇನಾ?’ ಅಂದರೆ ಕೇಳುವುದು. ‘ಖರೇನಽ?’ ಅಂತ ದನಿ ಏರಿಸಿ ಎಳೆದರೆ ‘ನಾನು ನಂಬುವುದಿಲ್ಲ, ಆದರೂ ಹೇಳು ಕೇಳೋಣ’ ಅಂತ. ‘ಖರೇನ್ರೀ’ ಅಂದರೆ ಹಿರಿಯರ ಮುಂದೆ, ಹೊಸಬರ ಮುಂದೆ. ‘ಖರೇ ಹೇಳ್ಬೇಕಂದ್ರ’ ಅಂತ ಶುರುವಾದರೆ ಮುಂದೆ ಒಂದು ತಪ್ಪೊಪ್ಪಿಗೆಯೋ ಟೀಕೆಯೋ ಬರುತ್ತದೆ ಅಂತಲೇ ಲೆಕ್ಕ. ‘ಖರೇ ಹೇಳ್ಬೇಕಂದ್ರ ನಂಗ ಆ ಕೋರ್ಸ ಮನಸ್ಸಿಗೆ ಬಂದಿರ್ಲಿಲ್ಲ, ಅಪ್ಪ ಅಂದ್ರು ಅಂತ ಸೇರಿದೆ.’ ಈ ‘ಖರೇ’ ಸುದ್ದಿ ನಿಜ ಅಂತ ಹೇಳುತ್ತಿಲ್ಲ. ಇಷ್ಟು ದಿನ ಬೇರೆಯವರ ಮುಂದೆ ಹೇಳಿದ್ದು ಒಂದು, ಈಗ ನಿನ್ನ ಮುಂದೆ ಹೇಳುತ್ತಿರುವುದು ಇನ್ನೊಂದು ಅನ್ನುತ್ತಿದೆ. ಇಂಗ್ಲಿಷಿನಲ್ಲಿ ಮೆಸೇಜು ಹಾಕುವವರು ಅದೇ ಜಾಗದಲ್ಲಿ ‘ಟಿಬಿಎಚ್’ (ಟು ಬಿ ಆನೆಸ್ಟ್) ಅಂತ ಮೂರಕ್ಷರ ಒತ್ತುತ್ತಾರೆ.

ಆಣೆಯಲ್ಲಿ ಒತ್ತೆ ಇಡುವುದು ಏನನ್ನು?

‘ಖರೇನ’ದಲ್ಲಿ ಒತ್ತೆ ಏನೂ ಇಲ್ಲ, ಬರೀ ನಮ್ಮ ಮಾತು. ಆಣೆ ಹಾಗಲ್ಲ. ಆಣೆ ಅಂದರೆ ಅರ್ಧ ಹೇಳಿ ಅರ್ಧ ನುಂಗಿಕೊಂಡ ಒಂದು ಶಾಪ. ‘ನಾ ಹೇಳಿದ್ದು ಸುಳ್ಳಾದ್ರ ನನ್ನ ನಾಲಗಿ ಬಿದ್ದ ಹೋಗ್ಲಿ’ ಅನ್ನುವಾಗ ಅದು ಪೂರ್ತಿ ಹೊರಗೆ ಬಂದಿರುತ್ತದೆ. ‘ಅವ್ವನಾಣಿ’ ಅನ್ನುವಾಗ ‘ಸುಳ್ಳಾದರೆ ಅವ್ವನಿಗೆ ಕೆಟ್ಟದ್ದಾಗಲಿ’ ಅನ್ನುವ ಭಾಗ ಬಾಯಿಗೆ ಬರುವುದಿಲ್ಲ. ಬರಬಾರದು ಕೂಡ. ಆದರೆ ಅದರ ಬಲ ಎಲ್ಲ ಆ ಹೇಳದ ಭಾಗದಲ್ಲೇ ಇದೆ.

ಹಾಗಾಗಿ ಯಾವುದನ್ನು ಒತ್ತೆ ಇಟ್ಟಿದ್ದಾರೆ ಅನ್ನುವುದರ ಮೇಲೆ ಆಣೆಯ ತೂಕ. ‘ನಿನ್ನಾಣಿ’ ವಿಚಿತ್ರವಾದದ್ದು. ಇಲ್ಲಿ ಒತ್ತೆಯಾಗುವವನು ಕೇಳುವವನೇ! ನೀನು ನನಗೆ ಅಷ್ಟು ಬೇಕಾದವನು, ನಿನಗೆ ಕೆಡುಕಾಗಲಿ ಅಂತ ನಾನು ಎಂದೂ ಬಯಸುವುದಿಲ್ಲ, ಆದ್ದರಿಂದ ಸುಳ್ಳು ಹೇಳಲಾರೆ ಅನ್ನುವ ಲೆಕ್ಕ. ಅದಕ್ಕೇ ಇದು ಹತ್ತಿರದವರ ನಡುವೆ ಮಾತ್ರ ನಡೆಯುತ್ತದೆ. ಅಲ್ಲಿಯೂ ‘ನನ್ನ ಆಣಿ ಯಾಕ ಮಾಡ್ತಿ, ನಿನ್ನ ಆಣಿ ನೀ ಮಾಡ್ಕೊ’ ಅಂತ ತಳ್ಳಿಹಾಕುವವರಿದ್ದಾರೆ.

ದೇವರು, ಮಠ, ಗದ್ದುಗೆಯ ಆಣೆಗಳು ಊರಿಂದ ಊರಿಗೆ ಬದಲಾಗುತ್ತವೆ. ಹುಬ್ಬಳ್ಳಿಯಲ್ಲಿ ‘ಅಜ್ಜನಾಣಿ’ ಅಂದರೆ ಬಿಡಿಸಿ ಹೇಳಬೇಕಿಲ್ಲ, ಅದು ಸಿದ್ಧಾರೂಢರೇ. 1929ರಲ್ಲಿ ತೀರಿಕೊಂಡ ಅವರನ್ನು ಹಳೇ ಹುಬ್ಬಳ್ಳಿಯ ಮನೆಮನೆಯಲ್ಲಿ ಇಂದಿಗೂ ಸ್ವಂತ ಅಜ್ಜನ ಹಾಗೇ ಕರೆಯುತ್ತಾರೆ. ಗದಗಿನಲ್ಲಿ ಅದೇ ‘ಅಜ್ಜಾರು’ ಅನ್ನುವ ಮಾತು ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ನೆನಪು ತರುತ್ತದೆ. ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಸುತ್ತಿನಲ್ಲಿ ಮಾಲತೇಶನ ಭಂಡಾರ ಮುಟ್ಟಿ ಹೇಳಿದ ಮಾತಿಗೆ ಎದುರು ಮಾತಿಲ್ಲ. ಭಂಡಾರ ಅಂದರೆ ಅರಿಶಿನದ ಪುಡಿ. ಅದು ಕೈಗೆ ಹತ್ತುತ್ತದೆ, ಬೇಗ ಹೋಗುವುದಿಲ್ಲ. ಸಾಲಿ ಮಕ್ಕಳು ಪುಸ್ತಕ ಕಣ್ಣಿಗೆ ಒತ್ತಿಕೊಂಡು ‘ಸರಸ್ವತಿ ಆಣಿ’ ಅನ್ನುತ್ತಾರೆ, ಇಲ್ಲವೇ ಗಂಟಲ ಚರ್ಮ ಎರಡು ಬೆರಳಲ್ಲಿ ಹಿಡಿದು ‘ಗಾಡ್ ಪ್ರಾಮಿಸ್’ ಅನ್ನುತ್ತಾರೆ. ಮುಸ್ಲಿಂ ದೋಸ್ತರಿಂದ ‘ಕಸಮ್’ ಎಲ್ಲರ ಬಾಯಿಗೂ ಬಂದಿದೆ. ಒಂದೇ ಬೆಂಚಿನಲ್ಲಿ ಕೂತವರು ಒಬ್ಬರ ಆಣೆ ಇನ್ನೊಬ್ಬರು ಮಾಡುವುದು ಇಲ್ಲಿ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ನನಗೆ ಈ ಊರುಗಳ ಬಗ್ಗೆ ಪ್ರೀತಿ ಉಕ್ಕುವುದು ಇಂಥ ಕಡೆಯೇ.

ಇಷ್ಟೆಲ್ಲ ಇದ್ದರೂ ಎಲ್ಲಕ್ಕಿಂತ ಮೇಲೆ ನಿಲ್ಲುವುದು ಅವ್ವ. ಇದು ನಮ್ಮಲ್ಲಿ ಮಾತ್ರ ಅಲ್ಲ. ಹಿಂದಿಯವರಿಗೆ ‘ಮಾ ಕಸಮ್’, ತೆಲುಗಿನವರಿಗೆ ‘ಅಮ್ಮ ತೋಡು’, ತಮಿಳಿನವರಿಗೆ ‘ಅಮ್ಮಾ ಸತ್ಯಮಾ’, ಮರಾಠಿಯವರಿಗೆ ‘ಆಯಿಶಪ್ಪಥ್’. ದೇವರು ಕ್ಷಮಿಸಬಹುದು, ಪೂಜೆ ಮಾಡಿಸಿ ಸಮಾಧಾನ ಮಾಡಬಹುದು. ಅವ್ವ ಮನೆಯಲ್ಲೇ ಇದ್ದಾಳೆ, ಸಂಜೆ ಅವಳ ಮುಖ ನೋಡಬೇಕು. ಅದಕ್ಕೇ ದೇವರ ಹೆಸರು ಹೇಳಿ ಸುಳ್ಳಾಡಿದ ಹುಡುಗನೂ ಅವ್ವನ ಹೆಸರು ಬಂದಾಗ ತಡವರಿಸುತ್ತಾನೆ.

ಇಲ್ಲೊಂದು ಸೂಕ್ಷ್ಮ ಇದೆ. ‘ನಮ್ಮವ್ವನ’ ಅಂತ ಶುರುವಾದರೆ ಆಣೆ. ‘ನಿಮ್ಮವ್ವನ’ ಅಂತ ಶುರುವಾದರೆ ಬೈಗುಳ, ಕೈ ಮಿಲಾಯಿಸುವವರೆಗೂ ಹೋಗುತ್ತದೆ. ಎರಡರಲ್ಲೂ ಕೆಲಸ ಮಾಡುವುದು ಒಂದೇ ಶಕ್ತಿ. ಒಬ್ಬ ಮನುಷ್ಯನಿಗೆ ಯಾರು ತುಂಬಾ ಹತ್ತಿರವೋ ಅವರ ಹೆಸರನ್ನು ಬೀದಿಗೆ ತರುವುದು. ತನ್ನವರನ್ನು ತಂದರೆ ನಂಬಿಕೆ ಹುಟ್ಟುತ್ತದೆ, ಎದುರಿನವರನ್ನು ತಂದರೆ ಜಗಳ ಹುಟ್ಟುತ್ತದೆ.

ಇನ್ನೊಂದು ವ್ಯತ್ಯಾಸ ಹೊಸಬರಿಗೆ ತಟ್ಟನೆ ತಿಳಿಯುವುದಿಲ್ಲ. ಆಣೆ ‘ಮಾಡುವುದು’ ಬೇರೆ, ಆಣೆ ‘ಹಾಕುವುದು’ ಬೇರೆ. ಮಾಡಿದರೆ ನಾವು ಕಟ್ಟಿಬೀಳುತ್ತೇವೆ. ಹಾಕಿದರೆ ಎದುರಿನವರನ್ನು ಕಟ್ಟಿಹಾಕುತ್ತೇವೆ. ‘ನನ್ನ ಆಣಿ ಐತಿ ನೋಡು, ರಾತ್ರಿ ಗಾಡಿ ಓಡ್ಸಬ್ಯಾಡ’ ಅಂತ ಅವ್ವ ಅಂದರೆ ಆಣೆ ಬಿದ್ದದ್ದು ಮಗನ ಮೇಲೆ. ಅವನು ಒಪ್ಪಲಿ ಬಿಡಲಿ, ಬಿದ್ದಿದೆ. ಹುಡುಗರು ಇದನ್ನು ಚೆನ್ನಾಗಿ ಬಲ್ಲರು. ದೋಸ್ತ ಕುಡಿಯಲು ಹೊರಟಾಗ, ಜಗಳಕ್ಕೆ ಹೊರಟಾಗ ‘ನನ್ನಾಣಿ, ಹೋಗಬ್ಯಾಡ’ ಅನ್ನುತ್ತಾರೆ. ಬುದ್ಧಿ ಹೇಳಿದರೆ ಕೇಳದವನು ಇದಕ್ಕೆ ನಿಂತದ್ದುಂಟು.

ಈ ‘ಹಾಕುವ’ ಆಣೆಗೆ ನಮ್ಮ ನೆಲದಲ್ಲಿ ಸಾವಿರ ವರ್ಷದ ಬೇರಿದೆ. ಗದಗ, ಲಕ್ಕುಂಡಿಯ ಸುತ್ತ ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಹೆಜ್ಜೆಹೆಜ್ಜೆಗೆ ಸಿಗುತ್ತವೆ. ಆ ಕಾಲದ ದಾನಶಾಸನಗಳು ಕೊನೆಗೆ ಬರುವಾಗ ಒಂದು ಶಾಪ ಇಡುತ್ತವೆ. ಈ ದಾನವನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು, ಅಂದರೆ ಹಸುಗಳನ್ನು, ಕೊಂದ ಪಾಪ ಬರಲಿ ಅಂತ. ಬರೆಸಿದವನು ಸತ್ತ ಮೇಲೂ ಓದಿದವನನ್ನು ಕಟ್ಟಿಹಾಕುವ ಆಣೆ ಅದು. 12ನೇ ಶತಮಾನದ ವಚನಗಳಲ್ಲೂ ‘ನಿಮ್ಮಾಣೆ’ ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಶರಣರು ಆಣೆ ಮಾಡುವುದು ತಮ್ಮ ದೇವರ ಮುಂದೆ, ಅವನದೇ ಹೆಸರಲ್ಲಿ. ಮೇಲೆ ಹೇಳಿದ ‘ನಿನ್ನಾಣಿ’ಯದೇ ಲೆಕ್ಕ. ಇಂದಿನ ಹುಡುಗ ‘ನಿನ್ನಾಣಿಗೂ ನಾ ಹಂಗ ಅಂದಿಲ್ಲ’ ಅನ್ನುವಾಗ ಎಷ್ಟು ಹಳೆಯ ಕನ್ನಡ ಅವನ ಬಾಯಲ್ಲಿದೆ ಅಂತ ಅವನಿಗೆ ಯಾರಾದರೂ ಹೇಳಬೇಕು.

ಕೋರ್ಟಿಗೂ ಆಣೆ ಬೇಕು. ಆದರೆ ಅಲ್ಲಿಯ ಲೆಕ್ಕ ಬದಲಾಗಿದೆ. 1873ರ ಪ್ರಮಾಣ ಕಾಯ್ದೆಯಲ್ಲಿ ಒಂದು ದಾರಿ ಇತ್ತು. ‘ಎದುರಿನವನು ಇಂಥ ರೀತಿಯಲ್ಲಿ ಆಣೆ ಮಾಡಿ ಹೇಳಲಿ, ನಾನು ಒಪ್ಪಿಕೊಳ್ಳುತ್ತೇನೆ’ ಅಂತ ವಾದಿ ಪ್ರತಿವಾದಿಗಳಲ್ಲಿ ಒಬ್ಬರು ಹೇಳಬಹುದಿತ್ತು. ಊರ ದೇವಸ್ಥಾನದ ಆಣೆಗೆ ಕೋರ್ಟಿನಲ್ಲೂ ಜಾಗ ಇದ್ದ ಕಾಲ ಅದು. 1969ರ ಹೊಸ ಕಾಯ್ದೆ ಆ ದಾರಿ ಮುಚ್ಚಿತು. ಈಗ ಸಾಕ್ಷಿದಾರರು ದೇವರ ಹೆಸರಲ್ಲಿ ಪ್ರಮಾಣ ಮಾಡಬಹುದು, ಬೇಡವಾದರೆ ದೇವರ ಹೆಸರಿಲ್ಲದೆ ದೃಢೀಕರಿಸಬಹುದು. ಎರಡಕ್ಕೂ ತೂಕ ಒಂದೇ. ಸುಳ್ಳು ಸಾಕ್ಷಿ ಹೇಳಿದರೆ 7 ವರ್ಷದವರೆಗೆ ಜೈಲಾಗಬಹುದು. ಅವ್ವನ ಜಾಗದಲ್ಲಿ ಅಲ್ಲಿ ಕಾನೂನು ನಿಂತಿದೆ.

ಸವೆಯುವ ಮಾತುಗಳು

ಬಳಸಿದ ನಾಣ್ಯದ ಮುದ್ರೆ ಸವೆದಂತೆ ಈ ಮಾತುಗಳೂ ಸವೆಯುತ್ತವೆ. ‘ಖರೇನ’ ಈಗ ಬಹಳ ಕಡೆ ‘ತುಂಬಾ’ ಅನ್ನುವಷ್ಟೇ ಅರ್ಥ ಕೊಡುತ್ತದೆ. ‘ಖರೇನ ಬಿಸಲೈತಿ’ ಅಂದರೆ ಬಿಸಿಲು ಇದೆಯೋ ಇಲ್ಲವೋ ಅನ್ನುವ ಅನುಮಾನ ಯಾರಿಗೂ ಇರಲಿಲ್ಲ, ಬಿಸಿಲು ಜೋರಾಗಿದೆ ಅಂತ ಅಷ್ಟೇ. ಇದು ಹುಡುಗರು ಭಾಷೆ ಕೆಡಿಸಿದ್ದಲ್ಲ. ಎಲ್ಲ ಭಾಷೆಯಲ್ಲೂ ಹೀಗೇ ಆಗುತ್ತದೆ. ಇಂಗ್ಲಿಷಿನ ‘ವೆರಿ’ ಹಳೆಯ ಫ್ರೆಂಚಿನಲ್ಲಿ ‘ನಿಜವಾದ’ ಅನ್ನುವ ಅರ್ಥದ ಪದ. ಈಗ ಅದರಲ್ಲಿ ನಿಜದ ವಾಸನೆಯೂ ಇಲ್ಲ. ‘ಲಿಟ್ರಲಿ’ ಅಂದರೆ ಅಕ್ಷರಶಃ. ನಮ್ಮ ಹುಡುಗಿಯರು ‘ಲಿಟ್ರಲಿ ಸತ್ತೆ’ ಅಂತ ನಗುತ್ತಾ ಹೇಳುತ್ತಾರೆ. ಮರಾಠಿಯ ‘ಆಯಿಶಪ್ಪಥ್’ ಎಷ್ಟೋ ಸಲ ಆಣೆಯಾಗಿ ಉಳಿದಿಲ್ಲ, ‘ಅಬ್ಬಾ!’ ಅನ್ನುವ ಉದ್ಗಾರವಾಗಿದೆ.

ಒಂದು ಮಾತು ಸವೆದಾಗ ಹುಡುಗರು ಇನ್ನೊಂದನ್ನು ಹುಡುಕುತ್ತಾರೆ. ‘ಪ್ರಾಮಿಸ್’ ಹಳತಾಯಿತು, ‘ಗಾಡ್ ಪ್ರಾಮಿಸ್’ ಬಂತು. ‘ಸೀರಿಯಸ್ಲಿ’ ಬಂತು. ಹೀಗೇ ಸಾಲಿನಲ್ಲಿ ಕೊನೆಗೆ ಬಂದದ್ದು ‘ನೋ ಕ್ಯಾಪ್’.

‘ಕ್ಯಾಪ್’ ಅಮೆರಿಕದ ಕಪ್ಪು ಜನರ ಮಾತಿನಿಂದ ಬಂದದ್ದು. ಅಲ್ಲಿ ಅದಕ್ಕೆ ಬಡಾಯಿ, ಸುಳ್ಳು ಅನ್ನುವ ಅರ್ಥ. ನಮ್ಮ ಕಡೆಯ ‘ಬಂಡಲ್’ ಇದಕ್ಕೆ ಸರಿಯಾದ ಜೋಡಿ. 2010ರ ದಶಕದ ಕೊನೆಯ ವರ್ಷಗಳಲ್ಲಿ ಅಟ್ಲಾಂಟಾ ನಗರದ ಹಿಪ್-ಹಾಪ್ ಹಾಡುಗಾರರು ಇದನ್ನು ಎಲ್ಲೆಡೆ ಹಬ್ಬಿಸಿದರು. ಆಮೇಲೆ ರೀಲ್ಸ್, ಗೇಮಿಂಗ್ ವಿಡಿಯೋಗಳ ಮೂಲಕ ನಮ್ಮ ಫೋನುಗಳಿಗೂ ಬಂತು. 2017ರಲ್ಲಿ ಎಮೋಜಿಗಳ ಸಾಲಿಗೆ ಸೇರಿದ ನೀಲಿ ಟೋಪಿಯ ಚಿತ್ರವನ್ನು ಈಗ ‘ಸುಳ್ಳು ಬಿಡ್ತಿದ್ದಿ’ ಅನ್ನಲು ಕಳಿಸುತ್ತಾರೆ. ಗುಂಪಿನಲ್ಲಿ ಒಬ್ಬ ‘ನಿನ್ನೆ ರಾತ್ರಿ 4ರ ತನಕ ಓದಿದೆ’ ಅಂತ ಹಾಕಿದರೆ ಕೆಳಗೆ ಸಾಲಾಗಿ ಟೋಪಿಗಳು ಬೀಳುತ್ತವೆ. ಅವನು ‘ನೋ ಕ್ಯಾಪ್ ಲೇ’ ಅನ್ನುತ್ತಾನೆ. ‘ಲೇ’ ಸೇರಿದ ಕೂಡಲೇ ಅಟ್ಲಾಂಟಾದ ಮಾತು ಹುಬ್ಬಳ್ಳಿಯದಾಯಿತು.

ಆದರೂ ನನ್ನ ಅಂದಾಜಿನಲ್ಲಿ ‘ನೋ ಕ್ಯಾಪ್’ ಬಹಳ ದಿನ ಉಳಿಯುವುದಿಲ್ಲ. ಅದರಲ್ಲಿ ಒತ್ತೆ ಏನೂ ಇಲ್ಲ. ‘ಸುಳ್ಳಲ್ಲ’ ಅನ್ನುವುದಷ್ಟೇ. ಫ್ಯಾಷನ್ ಹೋದ ದಿನ ಅದೂ ಹೋಗುತ್ತದೆ. ಹೊಸದು ಬಂದಾಗಲೆಲ್ಲ ಹುಡುಗರು ಸ್ವಲ್ಪ ದಿನ ಅದರ ಜೊತೆ ಓಡಾಡುತ್ತಾರೆ, ವಿಷಯ ದೊಡ್ಡದಾದ ದಿನ ‘ಅವ್ವನಾಣಿ’ಗೇ ಮರಳುತ್ತಾರೆ. ಸಾಲ ಕೇಳುವಾಗ, ಪ್ರೀತಿ ಹೇಳಿಕೊಳ್ಳುವಾಗ, ಕಳ್ಳತನದ ಅಪವಾದ ಬಂದಾಗ ಯಾರೂ ‘ನೋ ಕ್ಯಾಪ್’ ಅನ್ನುವುದಿಲ್ಲ.

ಮಾತು ಕೊಡುವ ಸಂದರ್ಭವೇ ಬೇರೆ ಅನ್ನುವುದನ್ನೂ ಹೇಳಬೇಕು. ‘ಖರೇ’ ಆಗಿಹೋದದ್ದಕ್ಕೆ, ಇರುವುದಕ್ಕೆ. ಮುಂದೆ ಮಾಡುವುದಕ್ಕೆ ‘ಪಕ್ಕಾ’. ‘ಭಾನುವಾರ ಪಕ್ಕಾ ಬರ್ತೀನಿ.’ ಇದಕ್ಕೆ ಹಳಬರು ‘ಭಾಷೆ ಕೊಟ್ಟೀನಿ’ ಅನ್ನುತ್ತಿದ್ದರು, ಕೈಮೇಲೆ ಕೈ ಹಾಕುತ್ತಿದ್ದರು. ‘ಪಕ್ಕಾ’ ಬೇಗ ಸವೆದದ್ದು ಸಹಜ. ಭಾನುವಾರ ಬಂದೇ ಬರುತ್ತದೆ, ಬಂದನೋ ಇಲ್ಲವೋ ಅಂತ ಎಲ್ಲರಿಗೂ ಕಾಣುತ್ತದೆ.

ಯಾವಾಗ ನಿಜವಾಗಿ ಕಿವಿ ಕೊಡಬೇಕು

ಹಿರಿಯರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ದೋಸ್ತರಿಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಮಾತು ಸವೆದಾಗ ಒಂದು ಅಪಾಯ ಇದೆ. ‘ಖರೇನ ಸಾಯ್ತೀನಲೇ ಇವತ್ತ’ ಅಂತ ಹುಡುಗರು ದಿನಕ್ಕೆ ಹತ್ತು ಸಲ ಅನ್ನುತ್ತಾರೆ. ಬಿಸಿಲಿಗೆ, ಹಸಿವಿಗೆ, ಅಸೈನ್‌ಮೆಂಟಿಗೆ. ಒಂದು ದಿನ ಒಬ್ಬ ಅದನ್ನೇ ಮನಸ್ಸಿನಿಂದ ಹೇಳಿದರೆ ಹೇಗೆ ಗೊತ್ತಾಗಬೇಕು?

ಧಾರವಾಡದಲ್ಲಿ ಇದು ಬರೀ ಭಾಷೆಯ ಪ್ರಶ್ನೆ ಅಲ್ಲ. ಸಪ್ತಾಪುರ, ಜಯನಗರದ ಕಡೆ ಸಾವಿರಾರು ಹುಡುಗರು ರೂಮು ಮಾಡಿಕೊಂಡು ಪೊಲೀಸ್, ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಾರೆ. ಊರಿಂದ ಅಪ್ಪ ಹೊಲ ಒತ್ತೆ ಇಟ್ಟು ದುಡ್ಡು ಕಳಿಸಿರುತ್ತಾನೆ. ನೋಟಿಫಿಕೇಶನ್ ಮುಂದಕ್ಕೆ ಹೋಗುತ್ತದೆ, ವಯಸ್ಸು ಮೀರುತ್ತದೆ. ಫೋನಿನಲ್ಲಿ ಅವ್ವ ಕೇಳಿದರೆ ‘ಎಲ್ಲಾ ಛಲೋ ಐತಿ ಬೇ’ ಅನ್ನುತ್ತಾರೆ. ಖರೇ ಮಾತು ಹೊರಗೆ ಬರುವುದು ರೂಮ್‌ಮೇಟ್ ಮುಂದೆ, ಅದೂ ಚ್ಯಾಷ್ಟಿಯ ಅಂಗಿ ಹಾಕಿಕೊಂಡು.

ಮನಸ್ಸಿನಿಂದ ಬಂದ ಮಾತಿನಲ್ಲಿ ಏನು ಇದೆ ಅನ್ನುವುದಕ್ಕಿಂತ ಏನು ಬಿಟ್ಟುಹೋಗಿದೆ ಅಂತ ನೋಡಿ. ‘ಲೇ’ ಬಿಟ್ಟುಹೋಗಿರುತ್ತದೆ. ನಗುವ ಎಮೋಜಿ ಇರುವುದಿಲ್ಲ. ‘ಮಗಾ’, ‘ದೋಸ್ತ’ ಹೋಗಿ ಪೂರ್ತಿ ಹೆಸರು ಬಂದಿರುತ್ತದೆ. ‘ಅವ್ವನಾಣಿ’ಯೂ ಇರುವುದಿಲ್ಲ, ಯಾಕೆಂದರೆ ನಂಬಿಸಬೇಕು ಅನ್ನುವ ಹಠವೇ ಹೋಗಿರುತ್ತದೆ. ‘ಸಾಕಾಗೇತಿ. ಇನ್ನ ಆಗವಲ್ದು.’ ಇಷ್ಟೇ. ಒತ್ತು ಕೊಡುವ ಒಂದು ಪದವೂ ಇಲ್ಲದ ಮಾತು. ಸದಾ ಜೋರಾಗಿ ಆಣೆ ಮಾಡುವ ಹುಡುಗ ಹೀಗೆ ಸಣ್ಣ ದನಿಯಲ್ಲಿ ಎರಡು ಮಾತು ಹೇಳಿ ಸುಮ್ಮನಾದರೆ, ಅದೇ ಮಾತನ್ನು ಎರಡು ಮೂರು ದಿನ ಮತ್ತೆ ಹೇಳಿದರೆ, ಇಷ್ಟದ ವಸ್ತು ‘ನೀ ಇಟ್ಕೊ’ ಅಂತ ಕೊಡಲು ಶುರು ಮಾಡಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು.

ಆಗ ‘ಏ ಹೋಗಲೇ, ಡ್ರಾಮಾ ಮಾಡಬ್ಯಾಡ’ ಅನ್ನಬೇಡಿ. ಆ ಒಂದು ಮಾತಿಗೆ ಅವನು ಬಾಯಿ ಮುಚ್ಚಿಬಿಡುತ್ತಾನೆ. ‘ನಿಂಗಿಂತ ಕಷ್ಟದಾಗ ಇದ್ದವ್ರು ಇಲ್ಲೇನ’ ಅನ್ನುವುದೂ ಬೇಡ. ನೀವೂ ‘ಲೇ’ ಬಿಡಿ. ‘ಖರೇನಾ? ಏನಾಗೇತಿ ಹೇಳು, ನಾ ಕೇಳ್ತೀನಿ’ ಅನ್ನಿ. ಸಾಯುವ ವಿಚಾರ ಬರುತ್ತಿದೆಯಾ ಅಂತ ನೇರವಾಗಿ ಕೇಳಿದರೂ ತಪ್ಪಿಲ್ಲ. ಕೇಳಿದ್ದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ, ಒಳಗೆ ಇದ್ದದ್ದು ಹೊರಗೆ ಬರುತ್ತದೆ. ‘ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡು’ ಅಂತ ಅವನು ಹಟ ಹಿಡಿಯಬಹುದು. ಆ ಆಣೆ ಮಾಡಬೇಡಿ. ‘ನಿನ್ನ ಜೊತಿ ನಾನೂ ಬರ್ತೀನಿ, ಇಬ್ರೂ ಕೂಡಿ ಹೇಳೂಣು’ ಅನ್ನಿ. ರಾತ್ರಿಯಾದರೆ ಒಬ್ಬನೇ ಮಲಗಲು ಬಿಡಬೇಡಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಷ್ಟದಲ್ಲಿರುವವರೇ ಮಾಡಬೇಕು ಅಂತ ಇಲ್ಲ, ಅವರ ದೋಸ್ತ ಮಾಡಿ ‘ನಾನೇನು ಮಾಡ್ಲಿ’ ಅಂತ ಕೇಳಬಹುದು. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಮನಸ್ಸಿನ ಕಾಯಿಲೆಗೆ ಇರುವ ಸರ್ಕಾರಿ ಆಸ್ಪತ್ರೆ. ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಚೀಟಿ ಮಾಡಿಸುವಾಗ ಪಕ್ಕದಲ್ಲಿ ಒಬ್ಬ ಗೆಳೆಯ ನಿಂತಿದ್ದರೆ ಸಾಕು.